ಹುಲಿಕಲ್ ಹಸಿರಾದ ನಕ್ಷೆ

ಸಾಗರದ ಕಾಲೇಜೊಂದರಲ್ಲಿ ಪಾಠ ಮಾಡುವ ಸುಚಿತ್ರಾಗೆ ಗಿರಿಧರ ಒಡಹುಟ್ಟಿದವನಲ್ಲದಿದ್ದರೂ ಅಣ್ಣನೇ. ತೀರ್ಥಹಳ್ಳಿಯಲ್ಲಿ ಅವಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಸಿದವನೇ ಅವನು. ಮಂಗನ ಕಾಯಿಲೆ ಮುಂದಿನ ಬೇಸಿಗೆಗೆ ಯಾವ ಊರಿಗೆ ಬರಬಹುದೆಂದು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಇಬ್ಬರೂ ಸೇರಿ ಕಟ್ಟಿದ್ದರು. ಹಳ್ಳಿ ಹಳ್ಳಿ ತಿರುಗಿ, ಸತ್ತ ಮಂಗಗಳ, ಜ್ವರ ಬಂದವರ ವಿವರ ತಂದವಳು ಇವಳು. ಕೊನೆಗೆ ಅದನ್ನೆಲ್ಲ ಪ್ರೋಗ್ರಾಂಗೆ ಹಾಕಿ ಓಡಿಸಿದವನು ಅವನು. ಇಬ್ಬರ ಹೆಸರಿನಲ್ಲೂ ಪ್ರಬಂಧ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಾಯಿಲೆ ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಅದರ ನಕ್ಷೆ ನೋಡಿಕೊಂಡೇ ಊರೂರಿಗೆ ಹಂಚಿದರು.

ಹುಲಿಕಲ್‌ಗೆ ಎಣ್ಣೆ ಹೋಗಲಿಲ್ಲ. ನಕ್ಷೆಯಲ್ಲಿ ಅದು ಹಸಿರಾಗಿತ್ತು, ಅಂದರೆ ಅಪಾಯವಿಲ್ಲದ ಊರು. ಕೊಟ್ಟಿಗೆಗೆ ಹಾಸುವ ದರಗೆಲೆ ತರಲು ಕಾಡಿಗೆ ಹೋಗಿಬಂದ ಅಲ್ಲಿನ ಮಾಸ್ತಮ್ಮ ಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ.

ಎಲ್ಲಿ ತಪ್ಪಿತೆಂದು ಸುಚಿತ್ರಾ ಮೊದಲಿನಿಂದ ಓಡಿಸಿ ನೋಡಿದಳು. ಅದೇ ಡೇಟಾ, ಅದೇ ಪ್ರೋಗ್ರಾಂ. ಅದು ನಡುನಡುವೆ ಚೀಟಿ ಎತ್ತಿದಂತೆ ಆರಿಸುವ ಅಂಕಿಗಳನ್ನೂ ಪ್ರತಿಸಲ ಒಂದೇ ಬರುವಂತೆ ಕಟ್ಟಿಹಾಕಿದಳು. ಎಷ್ಟು ಸಲ ಓಡಿಸಿದರೂ ಹುಲಿಕಲ್ ಕೆಂಪು. ಅಚ್ಚಾದ ನಕ್ಷೆ ಬರಲೇ ಇಲ್ಲ.

ಬಸ್ ಹತ್ತಿ ತೀರ್ಥಹಳ್ಳಿಗೆ ಹೋದಳು.

"ಅಣ್ಣ, ನೀವು ಓಡ್ಸಿದ್ದನ್ನ ನನ್ನೆದುರಿಗೊಂದ್ಸಲ ಓಡ್ಸಿ."

"ಆ ಲ್ಯಾಪ್‌ಟಾಪ್ ಹಾಳಾಯ್ತು ಮಾರಾಯ್ತಿ."

"ಹುಲಿಕಲ್ ಸುತ್ತಿನ ಘಾಟಿ ಊರುಗಳ ಡೇಟಾ ತೆಗೆದು ಓಡ್ಸಿದ್ರೆ ಮಾತ್ರ ನಿಮ್ಮ ನಕ್ಷೆ ಬರುತ್ತೆ. ನೋಡ್ಕೊಂಡೇ ಬಂದಿದೀನಿ."

ಗಿರಿಧರ ಎದ್ದು ಬಾಗಿಲು ಮುಂದೆ ಮಾಡಿದ. "ಅವನ್ನ ಸೇರ್ಸಿದ್ರೆ ಲೆಕ್ಕ ಹೊಂದ್ತಾ ಇರ್ಲಿಲ್ಲ. ಬಿಟ್ಟೆ. ಯಾರು ಮತ್ತೆ ಓಡ್ಸಿ ನೋಡ್ತಾರೆ ಅಂದ್ಕೊಂಡೆ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ?"

"ನೀನು ಒಪ್ತಿರ್ಲಿಲ್ಲ."

ಅವಳು ಒಪ್ಪುವವಳಲ್ಲ ಎಂದು ಗೊತ್ತಿದ್ದೇ ಮಾಡಿದ್ದ. ಆ ಮಾತು ಅವಳ ಎದೆಗೆ ನಾಟಿತು.

ಪ್ರಬಂಧ ಅಚ್ಚುಹಾಕಿದ ಪತ್ರಿಕೆಗೆ ಅವಳು ಬರೆಯುವಷ್ಟರಲ್ಲಿ ಅವನೇ ಮುಂಚೆ ಬರೆದಿದ್ದ, ಸುಚಿತ್ರಾ ತಂದ ವಿವರಗಳೇ ಸರಿಯಿರಲಿಲ್ಲ ಎಂದು. ಅವಳು ವಾದಕ್ಕೆ ಹೋಗಲಿಲ್ಲ. ಡೇಟಾ, ಪ್ರೋಗ್ರಾಂ, ಓಡಿಸುವ ಬಗೆ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಹಾಕಿದಳು. ಮುಖ ಕಾಣದ ಯಾರೋ ಓಡಿಸಿ ನೋಡಿ, "ನಮಗೂ ಹುಲಿಕಲ್ ಕೆಂಪೇ ಬಂತು" ಎಂದು ಬರೆದರು. ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅವನ ಜೊತೆಗೆ ಅವಳ ಹೆಸರೂ ಕೆಟ್ಟಿತು. ಓದಿಸಿದ ಗುರುವಿಗೇ ತಿರುಗಿಬಿದ್ದಳು ಎಂದು ಕಾಲೇಜಿನಲ್ಲಿ ಆಡಿಕೊಂಡರು.

ಹುಲಿಕಲ್‌ಗೆ ಹೋಗಿ, ಮಾಸ್ತಮ್ಮನ ಮಗಳು ಶ್ಯಾಮಲಾಗೆ ನಡೆದದ್ದನ್ನೆಲ್ಲ ಹೇಳಿದಳು. ಶ್ಯಾಮಲಾ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಮಂಗ ಸತ್ತುಬಿದ್ದ ಜಾಗ ತೋರ್ಸೋಕೆ ಅವತ್ತು ನಿಮ್ಮನ್ನ ಕಾಡಿಗೆ ಕರ್ಕೊಂಡು ಹೋಗಿದ್ದು ನಮ್ಮಮ್ಮನೇ ಅಲ್ವಾ?"

ಸುಚಿತ್ರಾ ಹೌದೆಂದು ತಲೆಯಾಡಿಸಿದಳು; ಗಿರಿಧರ ಬಿಟ್ಟ ಡೇಟಾದಲ್ಲಿ ಆ ಜಾಗವೂ ಇತ್ತು. ಲೋಟ ಕೈಯಲ್ಲೇ ಉಳಿಯಿತು.