ಬೇರೆ ಬಕೆಟ್ಟಿನ ಬಟ್ಟೆ

“ಭುಜ ಇನ್ನೊಂದು ಚೂರು ಎತ್ತಿ ಮಾಮ, ತೋಳು ಒಳಗೆ ಹೋಗ್ತಿಲ್ಲ.”

ಪೈಪ್ ಮಾಮ ಎತ್ತಿ ಹಿಡಿದ. ಅವಳು ಅಪ್ಪನ ತಣ್ಣಗಿನ ಕೈಯನ್ನು ಇಸ್ತ್ರಿ ಮಾಡಿದ ಅಂಗಿಯೊಳಗೆ ಮೆಲ್ಲಗೆ ತೂರಿಸಿದಳು. ಮಾಮ ಅಂದರೆ ರಕ್ತಸಂಬಂಧವೇನಲ್ಲ. ಅಣುಸ್ಥಾವರದಲ್ಲಿ ಪೈಪು ಜೋಡಿಸುವವನು. ಹದಿನೈದು ವರ್ಷ ಅಪ್ಪನ ಪಕ್ಕದಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದವನು.

“ಬಿಳಿಕೈ ಅಂತ ಸುಮ್ನೆ ಹೆಸರಿಟ್ಟಿದ್ವಾ?” ಎಂದು ಅವನು ಆ ಬೆರಳುಗಳನ್ನು ಸವರಿದ. “ನೋಡು, ಈಗ್ಲೂ ನಮ್ಮೆಲ್ಲರ ಕೈಗಿಂತ ಬೆಳ್ಳಗಿದೆ. ಇವನು ಕೈ ತೊಳೆದು ಬರೋಷ್ಟರಲ್ಲಿ ನಾವು ಇವನ ಡಬ್ಬೀನೂ ಖಾಲಿ ಮಾಡಿರ್ತಿದ್ವಿ.”

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಅಳು ಬಂತು. ತಲೆ ತಗ್ಗಿಸಿ ಗುಂಡಿ ಹಾಕತೊಡಗಿದಳು.

ನಡುಮನೆಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು. ಮೇಷ್ಟ್ರು ಕೆಟ್ಟವರಲ್ಲ. ಐದನೇ ತರಗತಿಯಲ್ಲಿ ಅವಳಿಗೆ ಲೆಕ್ಕ ಕಲಿಸಿದವರು. ಅಪ್ಪ ಹಾಸಿಗೆ ಹಿಡಿದ ಮೇಲೆ ವಾರಕ್ಕೆರಡು ಸಲ ಬಂದು ಸುಮ್ಮನೆ ಕೂತು ಹೋಗುತ್ತಿದ್ದವರು. ಸ್ಥಾವರ ಮುಚ್ಚಬೇಕೆನ್ನುವ ಸಮಿತಿಗೆ ಅವರೇ ಮುಂದಾಳು.

“ಗೇಟಿನ ಮುಂದೆ ಹತ್ತೇ ನಿಮಿಷ ಗಾಡಿ ನಿಲ್ಸೋಣಪ್ಪ. ಮುಂದಿನ ವಾರ ತೀರ್ಮಾನದ ಸಭೆ. ನಾನು ನೂರು ಸಲ ಕೂಗಿದ್ರೂ ಆಗದ್ದು, ನಿಮ್ಮಪ್ಪನ ಪೆಟ್ಟಿಗೆ ಅಲ್ಲಿ ನಿಂತ್ರೆ ಆಗುತ್ತೆ. ನಿನ್ನ ತಂಗಿ ‘ನಮ್ಮಪ್ಪನ್ನ ಇದೇ ತಿಂತು’ ಅಂತ ಒಂದು ಮಾತು ಅಂದ್ರೆ ಸಾಕು.”

“ಅವಳಾ ಮಾತಾಡೋದು?” ಅಣ್ಣನ ದನಿ. “ಮನೆಗೆ ಬೆಂಕಿ ಬಿದ್ರೂ ಪಕ್ಕದವರು ಮಲಗಿರ್ತಾರೇನೋ ಅಂತ ಕೂಗದೇ ಕೂರೋಳು ಸಾರ್. ನಾನೇ ಹೇಳ್ತೀನಿ ಬಿಡಿ. ಸುಳ್ಳೇನಲ್ಲವಲ್ಲ.”

ಅವಳ ಬೆರಳು ಮೂರನೇ ಗುಂಡಿಯ ಮೇಲೆ ನಿಂತಿತು.

ಅದು ಸುಳ್ಳೆಂದು ಆ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಸ್ಥಾವರ ಮುಚ್ಚಿದರೆ ವಿದ್ಯುತ್ತು ಬೇಕಲ್ಲ ಎಂದು ಊರಾಚೆಯ ಹಳೇ ಕಲ್ಲಿದ್ದಲು ಘಟಕವನ್ನು ಮತ್ತೆ ಸಜ್ಜು ಮಾಡುತ್ತಿದ್ದರು. ಅಲ್ಲಿ ಬೂದಿ ಎಳೆಯುವ ಕಡೆ ಅಣ್ಣನಿಗೆ ಕೆಲಸ ಸಿಕ್ಕಿತ್ತು, ಸೋಮವಾರದಿಂದ. ಹಿಂದೆ ಅಪ್ಪ ಹನ್ನೊಂದು ವರ್ಷ ದುಡಿದದ್ದೂ ಅದೇ ಬೂದಿಯಲ್ಲೇ. ಅತ್ತಿಗೆಗೆ ಈಗ ಏಳು ತಿಂಗಳು.

ಬಾಗಿಲಾಚೆ ಹೋಗಿ ಹೇಳಿಬಿಟ್ಟರಾಯಿತು. ಆದರೆ ಹೇಳುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

*

ಕಲ್ಲಿದ್ದಲು ಘಟಕದ ದಿನಗಳಲ್ಲಿ ಅಪ್ಪ ಮನೆಗೆ ಬರುವಾಗ ಕಣ್ಣು, ಹಲ್ಲು ಬಿಟ್ಟು ಮಿಕ್ಕದ್ದೆಲ್ಲ ಕಪ್ಪು. ಅಮ್ಮನಿಗೆ ಅದನ್ನು ನೋಡಿದಷ್ಟೂ ಖುಷಿ. “ಬಂದ್ರಪ್ಪ ಮಸಿ ಸಾಹೇಬ್ರು” ಎಂದು ನಗುತ್ತ ಅಂಗಿ ಬಿಚ್ಚಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲೇ ನಿಂತು ಪಟಪಟನೆ ಕೊಡವುತ್ತಿದ್ದಳು. ಬೂದಿ ಬಿಸಿಲಕೋಲಿನಲ್ಲಿ ತೇಲಾಡುತ್ತ ಇಳಿಯುತ್ತಿತ್ತು. ಕಿಟಕಿಯ ಪಟ್ಟಿಯ ಮೇಲೆ ಕೂತ ಆ ಬೂದಿಯಲ್ಲಿ ಅಣ್ಣ ಬೆರಳಿಂದ ಆನೆ ಬರೆಯುತ್ತಿದ್ದ. ಅವಳು ಅದಕ್ಕೆ ಬಾಲ ಬರೆಯುತ್ತಿದ್ದಳು. ಎಲ್ಲ ಬಟ್ಟೆಗೂ ಒಂದೇ ಬಕೆಟ್ಟು. ಅಪ್ಪನ ಅಂಗಿಯ ಜೊತೆಯಲ್ಲೇ ಅವಳ ಫ್ರಾಕು ನೆನೆಯುತ್ತಿತ್ತು. ಬೂದಿಗೆ ಹೆದರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಣ್ಣಿಗೆ ಕಾಣುತ್ತಿತ್ತಲ್ಲ, ಒರೆಸಿದರೆ ಹೋಗುತ್ತಿತ್ತಲ್ಲ.

ಅವಳಿಗೆ ಎಂಟಾದಾಗ ಆ ಘಟಕ ಮುಚ್ಚಿತು. ಅಪ್ಪ ಸ್ಥಾವರಕ್ಕೆ ಸೇರಿದ. ಅಲ್ಲಿ ಕೆಲಸಗಾರರು ಒಳಗೆ ತೊಡುವ ಬಟ್ಟೆಗಳನ್ನು ಒಗೆಯುವುದು, ಒಗೆದದ್ದರ ಮೇಲೆ ವಿಕಿರಣ ಅಳೆಯುವ, ಟಿಕ್ ಟಿಕ್ ಎನ್ನುವ ಯಂತ್ರ ಆಡಿಸಿ ನೋಡುವುದು, ಸದ್ದು ಜಾಸ್ತಿಯಾದರೆ ಮತ್ತೆ ಒಗೆಯುವುದು ಅವನ ಕೆಲಸ. ಆ ಬಟ್ಟೆ ಗೇಟು ದಾಟುವಂತಿರಲಿಲ್ಲ. ಮನೆಗೆ ಬರುವ ಮುಂಚೆ ಸ್ನಾನ, ಆಮೇಲೆ ತಪಾಸಣೆ, ಆಮೇಲೆ ತನ್ನ ಸ್ವಂತ ಅಂಗಿ. ಬೆಳಗ್ಗೆ ಹೋದ ಹಾಗೇ ಬೆಳ್ಳಗೆ ಬರುತ್ತಿದ್ದ.

ಅಮ್ಮ ಆ ಬಿಳೀ ಅಂಗಿಯನ್ನು ಕೋಲಿನಲ್ಲಿ ಎತ್ತುತ್ತಿದ್ದಳು! ಅದಕ್ಕೆಂದೇ ಬೇರೆ ಬಕೆಟ್ಟು ತಂದಳು. ಮೂರು ಸಲ ಬಿಸಿನೀರು. ಮಕ್ಕಳು ಆ ಬಕೆಟ್ಟು ಮುಟ್ಟಿದರೆ ಏಟು.

“ಇದು ದಿನವಿಡೀ ಹೊರಗಿನ ಕುರ್ಚಿ ಮೇಲೆ ಕೂತು ಬಂದಿರೋ ಅಂಗಿ ಕಣೇ, ಒಳಗೇ ಬಂದಿಲ್ಲ” ಎಂದು ಅಪ್ಪ ನಗುತ್ತಿದ್ದ.

“ನಿಮಗೇನು ಗೊತ್ತು? ಕಣ್ಣಿಗೆ ಕಾಣಲ್ವಂತೆ ಅದು. ಬೀದಿಯೋರೆಲ್ಲ ಹೇಳ್ತಾರೆ.”

“ಬೀದಿಯೋರ ಹತ್ರ ಅಳೆಯೋ ಯಂತ್ರ ಇದೆಯಾ? ನಮ್ಮ ಹತ್ರ ಇದೆ.”

ತನಗೆ ಕೆಮ್ಮು ಶುರುವಾದಾಗಲೂ ಅಮ್ಮ ಆ ಬಕೆಟ್ಟನ್ನೇ ಬೈದಳು. ಎರಡು ವರ್ಷ ಕೆಮ್ಮಿ ತೀರಿಕೊಂಡಳು. ಅವಳನ್ನು ನೋಡಿಕೊಳ್ಳಲು ಏಳನೇ ತರಗತಿಗೇ ಶಾಲೆ ಬಿಟ್ಟ ಮಗಳು ಆಮೇಲೂ ಆ ಎರಡು ಬಕೆಟ್ಟುಗಳನ್ನು ಬೇರೆಬೇರೆಯಾಗಿಯೇ ಇಟ್ಟಳು.

*

ಹೋದ ವರ್ಷ ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಹಿಂದೆಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಅಪ್ಪ ಸ್ಥಾವರದ ಹೆಸರು ಹೇಳಿದ. “ಅದಲ್ಲ, ಅದಕ್ಕೂ ಮುಂಚೆ?” ಎಂದರು. ಬೂದಿಯ ದೂಳು ಹೀಗೇ ಕೂರುವುದು ಎಂದು ಚಿತ್ರದ ಮೇಲೆ ಪೆನ್ನು ಆಡಿಸಿದರು. ಒಮ್ಮೆ ಕೂತರೆ ಏಳುವುದಿಲ್ಲ. ಇಪ್ಪತ್ತು ವರ್ಷವಾದರೂ ಒಳಗೇ ಇರುತ್ತದೆ.

ಅಪ್ಪ, “ಆ ಬಟ್ಟೆ ಕೊಡವಿದೋರಿಗೂ ಕೂರುತ್ತಾ ಸಾರ್?” ಎಂದ.

“ದಿನಾ ಕೊಡವಿದ್ರೆ… ಖಂಡಿತ ಹೌದು ಅನ್ನಲಾರೆ. ಇಲ್ಲ ಅಂತಾನೂ ಅನ್ನಲಾರೆ.”

ಬಸ್ಸಿಗೆ ಕಾಯುವಾಗ ಅಪ್ಪ ಅವಳ ಮಣಿಕಟ್ಟು ಹಿಡಿದುಕೊಂಡ.

“ನಿಮ್ಮಣ್ಣನಿಗೆ ಹೇಳ್ಬೇಡ. ಹೇಳಲ್ಲ ಅನ್ನು.”

“ಯಾಕಪ್ಪ?”

“ಆ ಬೂದೀನ ನಾನೇ ತಂದು ನಿಮ್ಮಮ್ಮನ ಕೈಗೆ ಕೊಟ್ಟೆನಲ್ಲ. ದಿನಾ. ಅವಳು ನಗ್ತಾ ಇಸ್ಕೊಳ್ಳೋಳು.” ಆಮೇಲೆ ಬಸ್ಸು ಬರುವ ದಾರಿ ನೋಡುತ್ತ, “ಸ್ಥಾವರದ ಕಸ ಎಲ್ಲಿಡ್ತೀರಿ ಅಂತ ಮೇಷ್ಟ್ರು ಕೇಳ್ತಿರ್ತಾರೆ. ನಮ್ಮ ಕಸ ಎಲ್ಲಿದೆ ಅಂತ ನಮಗೆ ಗೊತ್ತು, ಬೀಗ ಹಾಕಿ ಕಾಯ್ತೀವಿ. ಆ ಕಲ್ಲಿದ್ದಲಿನೋರ ಕಸ ನನ್ನ ಎದೇಲಿದೆ. ಅದನ್ನ ಯಾರೂ ಕೇಳ್ಲೇ ಇಲ್ಲ ನೋಡು” ಎಂದ.

ಹೇಳಲ್ಲ ಎಂದು ಅವಳು ಅಂದಿದ್ದಳು. ಅಣ್ಣನಿಗೆ ಆ ಕೆಲಸ ಸಿಗುವ ಹೊತ್ತಿಗೆ ಅಪ್ಪನಿಗೆ ಮಾತು ನಿಂತುಹೋಗಿತ್ತು. ಕೊಟ್ಟ ಮಾತನ್ನು ವಾಪಸು ಕೇಳಲು ಆಗಲಿಲ್ಲ.

*

ಗಾಡಿ ಸ್ಥಾವರದ ಗೇಟಿನ ಮುಂದೆ ನಿಂತಿತು. ಸಮಿತಿಯವರು ಹತ್ತು ಹದಿನೈದು ಜನ, ಕೈಯಲ್ಲಿ ಬೋರ್ಡು ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಕಾವಲಿನವನು ಟೋಪಿ ತೆಗೆದ. ಬೇಲಿಯಾಚೆಯ ದೊಡ್ಡ ಗೋಪುರದಿಂದ ಬಿಳೀ ಆವಿ ಏಳುತ್ತಿತ್ತು.

ಅಣ್ಣ ಗಂಟಲು ಸರಿಮಾಡಿಕೊಂಡ. “ನಮ್ಮಪ್ಪ ಹದಿನೈದು ವರ್ಷ ಇಲ್ಲಿ ದುಡಿದ್ರು. ಅವರನ್ನ…”

“ಇದಲ್ಲ ಅಣ್ಣ.”

ಯಾರು ಮಾತಾಡಿದ್ದೆಂದು ಜನ ತಿರುಗಿ ನೋಡಿದರು. ಅವಳು ಗಾಡಿಯ ಬಾಗಿಲನ್ನು ಹಿಡಿದುಕೊಂಡಳು.

“ಇದು ತಿಂದಿದ್ದಲ್ಲ. ಬೂದಿ. ಡಾಕ್ಟ್ರು ಚಿತ್ರ ತೋರಿಸಿ ಹೇಳಿದ್ರು, ನಾನೂ ನೋಡ್ದೆ. ಒಂದು ಸಲ ಇಲ್ಲೂ ಒಳಗೆ ನೀರು ಸೋರಿತ್ತು, ಅಪ್ಪ ಅಲ್ಲೇ ಇದ್ರು. ಅದೂ ನಿಜ. ಮೈಗೆ ವಿಕಿರಣ ಎಷ್ಟು ಬಿತ್ತು ಅಂತ ಬರೆದು ಕೊಟ್ರು. ಆ ಚೀಟೀನೂ ಡಾಕ್ಟ್ರಿಗೆ ತೋರಿಸ್ದೆ. ಎದೆ ಹೀಗಾಗಿದ್ದು ಅದರಿಂದಲ್ಲ ಅಂದ್ರು.”

“ಹೌದು, ಆ ದಿನ ನಾನೂ ಇದ್ದೆ” ಎಂದ ಪೈಪ್ ಮಾಮ.

ಮೇಷ್ಟ್ರ ಮುಖ ಸಪ್ಪಗಾಯಿತು. “ಸೋರಿತ್ತು ಅಂತ ನೀನೇ ಹೇಳ್ತೀಯಲ್ಲಮ್ಮ. ಇನ್ನೊಂದು ಸಲ ಸೋರಿದ್ರೆ?”

“ಗೊತ್ತಿಲ್ಲ ಸಾರ್. ನಂಗೆ ಅಷ್ಟು ಗೊತ್ತಾಗಲ್ಲ.” ಅವಳು ಅಣ್ಣನ ಕಡೆ ತಿರುಗಿದಳು. “ನೀನು ಸೋಮವಾರ ಹೋಗ್ಬೇಡ ಅಣ್ಣ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೊಡವ್ತಿದ್ಲಲ್ಲ, ಅದೇ ಅವಳಿಗೂ ಕೂತಿರಬಹುದಂತೆ. ಈಗ ಅತ್ತಿಗೆ…”

ಗುಂಪಿನ ಅಂಚಿನಲ್ಲಿದ್ದ ಅತ್ತಿಗೆ ಮಾತ್ರ ಅವಳನ್ನೇ ನೋಡುತ್ತಿದ್ದಳು.

ಅಣ್ಣ ಹತ್ತಿರ ಬಂದ. ಬೇರೆಯವರಿಗೆ ಕೇಳದ ಹಾಗೆ, ಹಲ್ಲು ಕಚ್ಚಿಕೊಂಡು ಹೇಳಿದ: “ಅಮ್ಮನ್ನ ಅಪ್ಪನೇ ಕೊಂದ ಅಂತ, ಅವನ ಹೆಣದ ಮುಂದೆ ನಿಂತು ಹೇಳ್ತಿದ್ದೀಯಲ್ಲ. ಇಷ್ಟು ವರ್ಷ ಬಾಯಿ ಬಿಡದೋಳು ಇದಕ್ಕಾ ಬಿಟ್ಟಿದ್ದು?”

ಯಾರೋ ಡ್ರೈವರಿಗೆ ಕೈ ಮಾಡಿದರು. ಗಾಡಿ ಹೊರಟಿತು. ಬೋರ್ಡು ಹಿಡಿದವರು ಅದನ್ನು ಎತ್ತಬೇಕೋ ಇಳಿಸಬೇಕೋ ತಿಳಿಯದೆ ಎದೆಗೆ ಅವಚಿಕೊಂಡೇ ಹಿಂದೆ ನಡೆದರು.

*

ಮಣ್ಣು ಮಾಡಿ ಬಂದ ಮೇಲೆ ಜನ ಚಹಾ ಕುಡಿದು, ಎರಡು ಮಾತಾಡಿ, ಒಬ್ಬೊಬ್ಬರೇ ಎದ್ದರು. ಮೇಷ್ಟ್ರು ಹೊರಡುವಾಗ ಅವಳ ತಲೆ ಮುಟ್ಟಿ ಚಪ್ಪಲಿ ಮೆಟ್ಟಿಕೊಂಡರು. ಕೊನೆಗೆ ಉಳಿದವನು ಪೈಪ್ ಮಾಮ.

“ಮೂಗಿಗೆ ಕಟ್ಕೊಳ್ಳೋ ಒಳ್ಳೇ ಮಾಸ್ಕು ಕೊಡಿಸ್ತೀನಿ ಕಣೋ” ಎಂದ ಅಣ್ಣನಿಗೆ. “ಹೋಗ್ಲೇಬೇಕು ಅಂದ್ರೆ ಅದಾದ್ರೂ ಹಾಕ್ಕೋ.”

“ಹೋಗದೇ ಏನ್ ಮಾಡ್ಲಿ ಮಾಮ? ನಿಮ್ಮ ಗೇಟಿಗೇ ಬೀಗ ಬೀಳೋ ಹಾಗಿದೆ. ಈ ಊರಲ್ಲಿ ಇನ್ನೇನಿದೆ? ಮಗು ಬರೋ ಹೊತ್ತಿಗೆ ಅಪ್ಪ ಮನೇಲಿ ಕೂತಿದ್ದಾನೆ ಅನ್ನಿಸ್ಕೊಳ್ಲಾ?”

ಮಾಮ ಅವನ ಭುಜ ತಟ್ಟಿ ಎದ್ದ. ಅಣ್ಣ ತಂಗಿಯ ಕಡೆ ನೋಡದೆ ಕೋಣೆಗೆ ಹೋಗಿ ಮಲಗಿದ. ಅಪ್ಪನಿಗೂ ಮಾತು ತಪ್ಪಿದಂತಾಯಿತು, ಅಣ್ಣ ಕೆಲಸಕ್ಕೆ ಹೋಗುವುದೂ ನಿಲ್ಲಲಿಲ್ಲ. ಅವಳು ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಕೂತಿದ್ದಳು.

ಸಂಜೆಬೆಳಕು ಇನ್ನೂ ಇತ್ತು. ಹೊರಗೆ ಟಕ್ ಟಕ್ ಎಂದು ಸದ್ದಾಯಿತು. ಸ್ವಲ್ಪ ನಿಂತು ಮತ್ತೆ ಟಕ್.

ಎದ್ದು ಹೋಗಿ ನೋಡಿದರೆ ಅತ್ತಿಗೆ. ಬಾಗಿಲಿನ ಹೊರಗಡೆ, ಗೋಡೆಗೆ ಮುಖ ಮಾಡಿ, ಒಂದು ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟುಕೊಂಡು ಸುತ್ತಿಗೆ ಎತ್ತುತ್ತಿದ್ದಳು. ದೊಡ್ಡ ಮೊಳೆ. ಅಣ್ಣನ ಕೆಲಸದ ಅಂಗಿ ಹೊರಗೇ ನೇತುಹಾಕಿದರೆ ನೆಲಕ್ಕೆ ತಾಗದಷ್ಟು ಎತ್ತರ. ಮೊಳೆ ಮತ್ತೆಮತ್ತೆ ಓರೆಯಾಗುತ್ತಿತ್ತು.

“ಹಿಡ್ಕೋ ಬಾರೇ” ಎಂದಳು, ತಿರುಗಿ ನೋಡದೆ.

ಅವಳು ಎರಡು ಬೆರಳುಗಳ ನಡುವೆ ಮೊಳೆಯನ್ನು ನೆಟ್ಟಗೆ ಹಿಡಿದಳು. ಒಳಗಿನಿಂದ ಅಣ್ಣ, “ಯಾರದು? ಏನದು ಸದ್ದು?” ಎಂದು ಕೂಗಿದ. ಅತ್ತಿಗೆ ಉಸಿರು ಬಿಗಿಹಿಡಿದು ಹೊಡೆದಳು. ಗಾರೆ ಪುಡಿಪುಡಿಯಾಗಿ ಹೊಸ್ತಿಲಿನ ಆಚೆಗೇ ಉದುರಿತು.