ಮೈಸೂರಿನ ಯುದ್ಧನೌಕೆ

ನಾನು ಒಂದು ಯುದ್ಧನೌಕೆ. ಹೆದರಬೇಡಿ, ಇರುವುದು ಗೇಣುದ್ದ. ಹುಟ್ಟಿದ್ದು ಮೈಸೂರಿನಲ್ಲಿ; ಸಮುದ್ರವಿರಲಿ, ಕುಕ್ಕರಹಳ್ಳಿ ಕೆರೆಯನ್ನೂ ನೋಡಿದವನಲ್ಲ. ಕೆತ್ತನೆ ಕೆಲಸದವರ ಅಂಗಡಿಯಲ್ಲಿ ಬಿದ್ದಿದ್ದ ಬೀಟೆ ಮರದ ತುಂಡೊಂದನ್ನು ದ್ವಾರಕನಾಥ್ ಮೇಷ್ಟ್ರು ಕೇಳಿ ತಂದು, ಉಳಿಯಲ್ಲಿ ಕೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ ನನ್ನನ್ನು ಮಾಡಿದರು. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನಿವೃತ್ತಿಯಾಗಿ, ಹೆಂಡತಿಯೂ ತೀರಿಕೊಂಡ ಮೇಲೆ ಹೊತ್ತು ಹೋಗದೆ ಒಂದು ಯುದ್ಧದಾಟ ಕಟ್ಟಿದ್ದರು. ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಸಮುದ್ರ, ಆಚೆಗೊಂದು ಈಚೆಗೊಂದು ಬಂದರು, ಹಡಗು ಕೊಳ್ಳಲು ಹುಣಸೆಬೀಜ.

ಎದುರಾಳಿ ದೇವಮ್ಮಣ್ಣಿ ಮೇಡಂ. ಅದೇ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಪ್ರತಿ ಭಾನುವಾರ ತಿಂಡಿ ಮುಗಿಸಿ ಬರುತ್ತಿದ್ದರು. ಬೆಂಗಳೂರಿನ ಆಟಿಕೆ ಕಂಪನಿಯೊಂದು ಈ ಆಟವನ್ನು ಅಚ್ಚು ಮಾಡಲು ಒಪ್ಪಿತ್ತು, ಆದರೆ ದೊಡ್ಡ ಹಡಗು ಮೊದಲು ಸರಿಹೋಗಬೇಕು ಎಂದಿತ್ತು. ಆ ದೊಡ್ಡ ಹಡಗು ನಾನೇ.

ನನ್ನ ತೊಂದರೆ ಇಷ್ಟೇ. ನನ್ನ ಬೆಲೆಗೆ ಮೂರು ಜಲಾಂತರ್ಗಾಮಿಗಳು ಬರುತ್ತಿದ್ದವು. ಹಾಗಾಗಿ ನನ್ನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಹೆಬ್ಬೆರಳಿನಷ್ಟಿದ್ದ ದೋಣಿಗಳೆಲ್ಲ ಹೋಗಿ ಹೊಡೆದಾಡಿ ಬರುತ್ತಿದ್ದರೆ ನಾನು ಹಲಗೆಯ ಪಕ್ಕ ಧೂಳು ಕುಡಿಯುತ್ತಾ ಕೂತಿರುತ್ತಿದ್ದೆ. ದೊಡ್ಡವನೆಂಬ ಹೆಸರು ಬೇರೆ. ಹೊಟ್ಟೆ ಉರಿಯುತ್ತಿತ್ತು.

ಅವರಿಬ್ಬರಲ್ಲಿ ಒಂದು ಪದ್ಧತಿಯಿತ್ತು: ಸೋತವರು ಮುಂದಿನ ವಾರಕ್ಕೆ ಒಂದು ನಿಯಮ ಬದಲಿಸಬಹುದು. ಮೇಷ್ಟ್ರು ಸೋತರು, ನನ್ನ ಬೆಲೆ ಇಳಿಸಿದರು. ಮುಂದಿನ ವಾರ ತಾವೇ ನನ್ನನ್ನು ಕೊಂಡರು; ನಾನು ಹೊರಟವನೇ ಮೇಡಮ್ಮಿನ ಹಡಗುಗಳನ್ನೆಲ್ಲ ಗುಡಿಸಿ ಹಾಕಿಬಿಟ್ಟೆ.

"ಇದೇನು ಮೇಷ್ಟ್ರೇ, ಆಟಾನೋ ಬುಲ್ಡೋಜರ್ರೋ?" ಎಂದು ಮೇಡಂ ರೇಗಿದರು. ಸೋತವರ ಹಕ್ಕಿನಿಂದ ಹೊಸ ನಿಯಮ ತಂದರು: ಹತ್ತಿರ ಬಂದ ಜಲಾಂತರ್ಗಾಮಿಯನ್ನು ನಾನು ಹೊಡೆಯುವಂತಿಲ್ಲ, ಅದನ್ನು ಕಾವಲು ದೋಣಿಗಳೇ ಹೊಡೆಯಬೇಕು. ಆ ದಿನದಿಂದ ನನ್ನ ಎಡಬಲಕ್ಕೆ ಒಂದೊಂದು ದೋಣಿ ಬರತೊಡಗಿತು. ಬಾಳಿನಲ್ಲಿ ನಾನು ಸಂತೋಷವಾಗಿದ್ದದ್ದು ಆಗಲೇ.

ಹೀಗೆ ಬದಲಿಸಿ ಬದಲಿಸಿ ನಾನು ಸರಿಹೋಗುತ್ತಾ ಬಂದೆ. ಒಮ್ಮೆ ಇವರು ಗೆದ್ದರೆ ಒಮ್ಮೆ ಅವರು. ಆಟ ಮುಗಿಯುವ ತನಕ ಯಾರು ಗೆಲ್ಲುತ್ತಾರೆಂದು ನನಗೂ ಗೊತ್ತಾಗುತ್ತಿರಲಿಲ್ಲ.

ಆಗ ಮೇಷ್ಟ್ರು ಕೆಟ್ಟದಾಗಿ ಆಡತೊಡಗಿದರು. ಕಾವಲು ದೋಣಿಗಳನ್ನು ಬಂದರಿನಲ್ಲೇ ಬಿಟ್ಟು ನನ್ನೊಬ್ಬನನ್ನೇ ನಡುಸಮುದ್ರಕ್ಕೆ ತಳ್ಳುವರು. ಮುಳುಗಿಸಿಕೊಂಡು ಸೋತು, ಯಾವುದಾದರೂ ತಲೆಹರಟೆ ನಿಯಮ ಹಾಕುವರು. ವಾರವೆಲ್ಲಾ ಯೋಚಿಸಿ ಅದಕ್ಕೊಂದು ದಾರಿ ಹುಡುಕುವುದೇ ಮೇಡಮ್ಮಿಗೆ ಕೆಲಸ. ನನಗೆ ಬೇಗ ಅರ್ಥವಾಯಿತು. ಮೇಷ್ಟ್ರ ಕೈ ನನ್ನನ್ನು ತಪ್ಪು ಮನೆಗೆ ಸರಿಸುವಾಗ ಒಂದು ಗಳಿಗೆ ತಡೆಯುತ್ತಿತ್ತು. ಮೇಡಮ್ಮಿಗೆ ತಡವಾಗಿ ಅರ್ಥವಾಯಿತು, ಏಕೆಂದರೆ ಅವರು ಇನ್ನೊಬ್ಬರನ್ನು ನಂಬುವವರು.

"ಮೇಷ್ಟ್ರೇ, ನೀವು ಬೇಕೂಂತ ಸೋಲ್ತಿದ್ದೀರಿ."

ಮೇಷ್ಟ್ರು ಹುಣಸೆಬೀಜಗಳನ್ನು ಕೈಯಲ್ಲೇ ಹೊರಳಿಸಿದರು. "ಇದು ಸರಿಹೋಗ್ಬಿಟ್ರೆ ನೀವು ಯಾಕೆ ಬರ್ತೀರಿ ಮೇಡಂ?"

ಮೇಡಂ ಕರಗುತ್ತಾರೆ ಎಂದುಕೊಂಡೆ. ಅವರು ಚಪ್ಪಲಿ ಮೆಟ್ಟಿಕೊಂಡರು.

"ವಾರವೆಲ್ಲಾ ಯೋಚ್ನೆ ಮಾಡ್ಕೊಂಡು ಬರ್ತಿದ್ದೆ ನಾನು. ಎದುರಿಗೆ ನೀವಿದ್ದೀರಿ ಅಂದ್ಕೊಂಡು ಆಡಿದೆ. ನೋಡಿದ್ರೆ ಇಷ್ಟು ದಿನ ಒಬ್ಳೇ ಆಡಿದೀನಿ."

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕೊನೆಗೆ ಮೇಷ್ಟ್ರೇ ಫೋನ್ ಮಾಡಿದರು. ಕಿವಿ ಮಂದ, ಸ್ಪೀಕರ್ ಹಾಕಿಕೊಂಡೇ ಮಾತನಾಡುವರು.

"ನಾಳೆ ಬನ್ನಿ ಮೇಡಂ. ನನ್ನಾಣೆ, ಸರಿಯಾಗಿ ಆಡ್ತೀನಿ."

"ಆ ತಲೆಹರಟೆ ನಿಯಮಗಳನ್ನ ತೆಗೆದ್ರೆ ಆಟ ಸರಿಯಾಗಿದೆ ಮೇಷ್ಟ್ರೇ. ಕಂಪನಿಗೆ ಕಳಿಸ್ಬಿಡಿ," ಎಂದಿತು ಆಚೆಯ ದನಿ. ಕೋಪವೇನೂ ಇರಲಿಲ್ಲ. "ಇನ್ನು ನಾನ್ಯಾಕೆ?"

ಮೇಷ್ಟ್ರು ಕಳಿಸಿದರು. ಅಚ್ಚಾದ ಪೆಟ್ಟಿಗೆಯ ಮೇಲೆ ಮೇಡಮ್ಮಿನ ಹೆಸರನ್ನೇ ಮೊದಲು ಹಾಕಿಸಿದರು. ಒಂದು ಪೆಟ್ಟಿಗೆಯನ್ನು ಅವರ ಮನೆಗೂ ಮುಟ್ಟಿಸಿ ಬಂದರು. ಮೇಡಂ ಕಾಫಿ ಕೊಟ್ಟರಂತೆ, ಆಟದ ಮಾತೆತ್ತಲಿಲ್ಲವಂತೆ. ಹಾಗೆಂದು ಮೇಷ್ಟ್ರು ಹೇಳಿದ್ದು ನನಗೆ. ಹೇಳಲು ಮನೆಯಲ್ಲಿ ಇನ್ಯಾರಿದ್ದಾರೆ?

ಅಂಗಡಿಗಳಲ್ಲಿ ಈಗ ನನ್ನ ಪ್ಲಾಸ್ಟಿಕ್ ತಮ್ಮಂದಿರು ಸಿಗುತ್ತಾರೆ. ಎಷ್ಟೋ ಮನೆಗಳಲ್ಲಿ ಅವರಿಗಾಗಿ ಮಕ್ಕಳು ಜಗಳವಾಡುತ್ತಿರಬಹುದು. ನನ್ನ ಮೆರುಗು ಹೋಗಿದೆ, ಒಂದು ಫಿರಂಗಿ ಮುರಿದಿದೆ. ಒಬ್ಬನನ್ನು ಸರಿಮಾಡಲು ಇಬ್ಬರು ಬೇಕಾಗಿತ್ತು, ಸರಿಯಾದ ಮೇಲೆ ಒಬ್ಬರೇ ಉಳಿದರು ಎಂದು ಒಮ್ಮೊಮ್ಮೆ ಅನ್ನಿಸಿ ತುಂಬಾ ಬೇಜಾರಾಗುತ್ತದೆ.

ಭಾನುವಾರ ಮಾತ್ರ ಮೇಷ್ಟ್ರು ಹಳೆಯ ಹಲಗೆ ಹಾಸುತ್ತಾರೆ. ತಮ್ಮ ಸರದಿ ಮುಗಿಸಿ, ಮೆಲ್ಲಗೆ ಎದ್ದು, ಎದುರಿನ ಕುರ್ಚಿಯಲ್ಲಿ ಕೂತು ಮೇಡಮ್ಮಿನ ಸರದಿಯನ್ನೂ ತಾವೇ ಆಡುತ್ತಾರೆ. ಅಲ್ಲಿ ಕೂತಾಗ ಬಹಳ ಹೊತ್ತು ಯೋಚಿಸುತ್ತಾರೆ. ಒಂದು ನಡೆಯಲ್ಲೂ ಮೋಸ ಮಾಡುವುದಿಲ್ಲ. ಬಹುತೇಕ ಸಲ ಮೇಡಮ್ಮೇ ಗೆಲ್ಲುತ್ತಾರೆ.