ಬಳೆಗಳ ಪಾಲಿನ ನೀರು

ನನ್ನ ಗಂಡ ಗೌಸ್‌ಪೀರ್‌ಗೆ ಬಳೆಗಳ ಮೇಲಿರುವಷ್ಟು ಪ್ರೀತಿ ನನ್ನ ಮೇಲಿಲ್ಲ ಎಂದು ಮದುವೆಯಾದ ವರ್ಷವೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರು ನ್ಯಾಮತಿಯ ಮನೆಯಲ್ಲಿ ಇರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಮಿಕ್ಕ ದಿನವೆಲ್ಲ ಬಳೆಯ ಗಂಟು ಬೆನ್ನಿಗೇರಿಸಿ ಊರೂರು ಸುತ್ತುತ್ತಿದ್ದರು. ನಾನು ಅತ್ತೆ ಗುಲ್ಜಾರ್‌ಬೀಯ ಗೊಣಗಾಟ ಕೇಳುತ್ತ ಒಲೆ ಊದುತ್ತ ಕೂರಬೇಕು. ಆ ಬೇಸಿಗೆ ನಾನೂ ಬರುತ್ತೇನೆಂದು ಹಟ ಹಿಡಿದೆ, ಊಟ ಬಿಟ್ಟೆ. ಕೊನೆಗೆ ಅತ್ತೆಯೇ ಸೋತರು.

"ಈ ಒಂದ್ಸಲ ಕರ್ಕೊಂಡು ಹೋಗು," ಎಂದರು ಮಗನಿಗೆ. "ಇವಳಿಂದ ವ್ಯಾಪಾರಕ್ಕೆ ಒಂಚೂರು ತೊಂದ್ರೆ ಆದ್ರೂ ಮತ್ತೆ ಹೊಸ್ತಿಲು ದಾಟಾಕೆ ಬಿಡಾಕಿಲ್ಲ."

ಯುದ್ಧದ ಕಾಲ ಅದು. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತ ಹೊಗೆ ಉಗುಳುವ ಬಸ್ಸು ಮನಸ್ಸು ಬಂದರೆ ಬರುತ್ತಿತ್ತು. ಬಂದರೂ ಅದರ ಕುಲುಕಾಟಕ್ಕೆ ಗಾಜು ಉಳಿಯುತ್ತಿರಲಿಲ್ಲ. ಹಾಗಾಗಿ ನಡಿಗೆಯೇ. ಹೊನ್ನಾಳಿಯಲ್ಲಿ ಹೊಳೆ ದಾಟುವಷ್ಟರಲ್ಲಿ ನನ್ನ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಹೇಳಿದರೆ ಎಲ್ಲಿ ತಿರುಗಿಸಿ ಕಳಿಸಿಬಿಡುತ್ತಾರೋ ಎಂದು ಬಾಯಿ ಬಿಡಲಿಲ್ಲ. ಅಡುಗೆಯ ಪಾತ್ರೆ, ಹಾಸಿಗೆಯ ಗಂಟು ನನ್ನ ಬೆನ್ನಿಗೆ. ಬಳೆ, ನೀರಿನ ಸೋರೆಬುರುಡೆಗಳು ಅವರ ಹೆಗಲಿಗೆ.

ಬುರುಡೆ ಎರಡಿದ್ದವು. ಒಂದು ನಮಗೆ, ಇನ್ನೊಂದು ಬಳೆಗೆ. ಬಿಳಿಚೋಡಿನ ಭೀಮಕ್ಕನ ಮೊಮ್ಮಗಳ ಮದುವೆಗೆ ಬಳೆ ಒಯ್ಯುತ್ತಿದ್ದೆವು. ಅವರ ಮನೆಯ ಪದ್ಧತಿಯಂತೆ ಮದುಮಗಳ ಹಸಿರು ಗಾಜಿನ ಬಳೆಗಳ ಆಚೀಚೆ ಅರಗಿನ ಬಳೆ ಇರಲೇಬೇಕು. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ. ಅದಕ್ಕೇ ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆಗಾಗ ನೀರು ಚಿಮುಕಿಸುತ್ತ ನಡೆಯಬೇಕು. ನನಗೆ ಹೊಟ್ಟೆಕಿಚ್ಚಾಗುವಷ್ಟು ಉಪಚಾರ ಆ ಬಳೆಗಳಿಗೆ.

ದಾವಣಗೆರೆ ದಾಟಿದ ಮೇಲೆ ಮರವೆಂಬುದೇ ಕಾಣಲಿಲ್ಲ. ಜಾಲಿಯ ನೆರಳಿನಲ್ಲಿ ಆಡೂ ನಿಲ್ಲಲಾರದು. ನಡುಹಾದಿಯಲ್ಲಿ ನೆಚ್ಚಿಕೊಂಡಿದ್ದ ಬಾವಿಯ ತಳದಲ್ಲಿ ಕೆಸರಷ್ಟೇ ಇತ್ತು. ಬಿಸಿಲು ನೆತ್ತಿಗೇರಿ, ನನಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ.

"ಕುಡಿ ಸೈದಾ," ಎಂದು ಬುರುಡೆ ಕೊಟ್ಟರು.

"ನೀವು?"

"ನಂದಾಯ್ತು."

ಅವರು ಯಾವಾಗಲೂ ನಾಲ್ಕು ಹೆಜ್ಜೆ ಮುಂದಿರುತ್ತಿದ್ದರು, ಕುಡಿದಿರಬಹುದು ಎಂದುಕೊಂಡೆ. ಆಮೇಲೂ ಕೇಳಿದಾಗಲೆಲ್ಲ ಬುರುಡೆ ಬರುತ್ತಿತ್ತು, "ನಂದಾಯ್ತು" ಎಂಬ ಮಾತೂ ಬರುತ್ತಿತ್ತು. ಅಷ್ಟು ಚಿಕ್ಕ ಬುರುಡೆಯಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತಿದೆ ಎಂದು ಯೋಚಿಸುವಷ್ಟು ಬುದ್ಧಿ ಆ ಬಿಸಿಲಿನಲ್ಲಿ ಉಳಿದಿರಲಿಲ್ಲ.

ಭೀಮಕ್ಕನ ಮನೆ ಮುಟ್ಟಿದಾಗ ಆಕೆ ಚೊಂಬು ತಂದು ಇವರ ಬೊಗಸೆಗೆ ನೀರು ಹುಯ್ದರು. ಇವರು ತಲೆ ಎತ್ತಲೇ ಇಲ್ಲ. ಚೊಂಬು ಬರಿದಾಯಿತು, ಬೊಗಸೆ ಕೆಳಗಿಳಿಯಲಿಲ್ಲ. ಇನ್ನೊಂದು ಚೊಂಬು ಬಂತು. ತುಟಿ ಒಡೆದು ರಕ್ತ ಒಣಗಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. ಬೆಳಗಿನಿಂದ ಒಂದು ಹನಿಯೂ ಅವರ ಗಂಟಲಿಗೆ ಇಳಿದಿರಲಿಲ್ಲ.

ನಾನೇ ಗಂಟು ಬಿಚ್ಚಿದೆ. ಬಟ್ಟೆ ಒಣಗಿ ಗರಿಗರಿಯಾಗಿತ್ತು. ಅರಗಿನ ಬಳೆಗಳು ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನಂತೆ ಮುದ್ದೆಯಾಗಿದ್ದವು. ಬಳೆಗಳ ಪಾಲಿನ ನೀರನ್ನೂ ಕುಡಿದವಳು ನಾನೇ.

"ನಂದೇ ತಪ್ಪು, ಅವ್ವಾರೆ," ಎಂದರು ಇವರು. "ನೀರು ಹಾಕೋದು ಮರ್ತೆ."

"ಮರ್ತಿಲ್ಲ," ಎಂದೆ. ಅಳು ತಡೆಯಲಾಗಲಿಲ್ಲ. "ನಂಗೆ ಕುಡ್ಸಿದ್ರು. ತಾವೂ ಕುಡೀಲಿಲ್ಲ, ಬಳೆಗೂ ಹಾಕ್ಲಿಲ್ಲ."

ಭೀಮಕ್ಕ ಮುದ್ದೆಯನ್ನು ತಿರುಗಿಸಿ ನೋಡಿದರು, ಇವರ ತುಟಿ ನೋಡಿದರು. ಮೊಮ್ಮಗಳನ್ನು ಕೂಗಿ ಮಣೆಯ ಮೇಲೆ ಕೂರಿಸಿದರು.

"ಗಾಜಿನವೇ ತೊಡ್ಸಪ್ಪ ಸಾಬಣ್ಣ. ಹೆಂಡ್ತಿಗೆ ನೀರು ಕುಡ್ಸಿದ ಕೈ ಐತಲ್ಲ, ಅದರಿಂದ ತೊಟ್ರೆ ನಮ್ಮ ಹುಡುಗಿಗೆ ಏನೂ ಕಮ್ಮಿ ಆಗಾಕಿಲ್ಲ."

ಮರುದಿನ ಹೊರಟಾಗ ಇವರಿಗೆ ಒಂದೇ ಚಿಂತೆ.

"ಅಮ್ಮಂಗೆ ಹೇಳೋದು ಬ್ಯಾಡ. ದಾರೀಲಿ ಬಿದ್ದು ಹಾಳಾದ್ವು ಅನ್ನಾಣ."

"ನನ್ನಿಂದ್ಲೇ ಹಾಳಾದ್ವು ಅಂತ ಹೇಳ್ರಿ," ಎಂದೆ. ಹಾಗೆ ಹೇಳಿದರೆ ಅತ್ತೆ ಮತ್ತೆ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಈ ಬಿಸಿಲು, ಈ ಬೊಬ್ಬೆ, ಇವರ ಬೆನ್ನು ನೋಡುತ್ತ ನಡೆಯುವ ಈ ಸುಖ ನನಗೆ ಬೇಕಾಗಿತ್ತು. "ನಾನು ಮನೇಲೇ ಇರ್ತೀನಿ. ನೀವು ಬಾಯಾರಿ ಸಾಯೋದು ನೋಡಾಕೆ ಬರಾಕಿಲ್ಲ."

ಅವರು ನಿಂತರು. ಯಾವಾಗಲೂ ಮುಂದೆ ನಡೆಯುವವರು ನನ್ನ ಪಕ್ಕಕ್ಕೆ ಬಂದರು.

"ಇಷ್ಟು ವರ್ಷ ಒಬ್ನೇ ತಿರುಗಿದೀನಿ ಸೈದಾ. 'ನೀವು ಕುಡಿದ್ರಾ' ಅಂತ ಕೇಳಾಕೆ ಒಬ್ರೂ ಇರ್ಲಿಲ್ಲ. ಅಮ್ಮಂಗೆ ಏನು ಹೇಳ್ಬೇಕೋ ನಾನು ಹೇಳ್ತೀನಿ. ನೀನು ಬಾ."

ನನಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ತುಂಬಿದ ಬುರುಡೆಯನ್ನು ಅವರ ಹೆಗಲಿನಿಂದ ಕಿತ್ತುಕೊಂಡು ಬಿರಡೆ ತೆಗೆದೆ.

"ಹಂಗಾದ್ರೆ ನನ್ನ ಕಣ್ಣೆದುರಿಗೆ ಕುಡೀರಿ."

ಹಾದಿಯ ಮಧ್ಯದಲ್ಲೇ ನಿಂತು ಕುಡಿದರು. ನಾನು ಸಾಕು ಎನ್ನುವವರೆಗೂ ಕುಡಿದರು.